ಬಚ್ಚಲುಕಲ್ಲಿನ ಕೆಂಪು

ಇಳಕಲ್ಲಿನ ನಮ್ಮ ಮನೆಯ ಬಚ್ಚಲುಕಲ್ಲು ಕೆಂಪಗಿದೆ. ಊರಿನ ಹೆಸರು ಕೇಳಿದವರು ಇಲ್ಲಿಯ ಕೆಂಪು ಗ್ರಾನೈಟು ಇರಬೇಕು ಅಂದುಕೊಳ್ಳುತ್ತಾರೆ. ಅಲ್ಲ, ಅದು ಬೂದು ಬಣ್ಣದ ಸಾದಾ ಪರ್ಸಿ ಕಲ್ಲು. ಮೂವತ್ತು ವರ್ಷ ಅಪ್ಪ ಅದರ ಮೇಲೆ ನಿಂತು ಕೈಕಾಲು ತೊಳೆದೂ ತೊಳೆದೂ ಆ ಬಣ್ಣ ಹತ್ತಿಸಿದ. ನಮ್ಮ ಸೀರೆಗಳ ಮೈ ಯಾವ ಬಣ್ಣದ್ದೇ ಇರಲಿ, ಸೆರಗು ಕೆಂಪು. ಆ ಸೆರಗಿನ ರೇಷ್ಮೆಗೆ ಅಪ್ಪ ಹಿತ್ತಲಲ್ಲಿ ತಾನೇ ಬಣ್ಣ ಹಾಕುತ್ತಿದ್ದ. ಒಲೆಯ ಮೇಲೆ ತಾಮ್ರದ ಹಂಡೆ, ಕುದಿಯುವ ನೀರು, ಹೆಸರಿಲ್ಲದ ಡಬ್ಬಿಯ ಪುಡಿ. ಬರಿಗೈಯಲ್ಲಿ ರೇಷ್ಮೆ ನೂಲಿನ ಲಡಿ ಅದ್ದುವುದು, ಬರಿಗೈಯಲ್ಲಿ ಹಿಂಡುವುದು. ಸಣ್ಣವಳಿದ್ದಾಗ ಎಲ್ಲರ ಅಪ್ಪಂದಿರ ಉಗುರೂ ಕೆಂಪಗಿರುತ್ತವೆ ಎಂದೇ ತಿಳಿದಿದ್ದೆ.

ಅಪ್ಪನ ಕೆಂಪು ಊರಿಗೇ ಹೆಸರಾಗಿತ್ತು. ಅವ್ವನ ಮದುವೆಯ ಮರುವರ್ಷ ಅವನು ನೇಯ್ದ ಸೀರೆಯ ಸೆರಗು ಇವತ್ತಿಗೂ ನಿನ್ನೆ ಅದ್ದಿ ತೆಗೆದಂತಿದೆ. ಆದರೂ ಯಾರಾದರೂ ಏನು ಕೆಲಸ ಎಂದು ಕೇಳಿದರೆ ನಾವು ಹೇಳುವುದು ನೇಯ್ಗೆ ಅಂತ ಮಾತ್ರ. ನೇಯುವವರ ಮನೆಯಲ್ಲಿ ಬಣ್ಣದ ಹಂಡೆ ಇಡುವುದು ಒಂದು ಮೆಟ್ಟಿಲು ಕೆಳಗಿನ ಕೆಲಸ ಎಂಬ ಭಾವನೆ ಅಜ್ಜಿಯ ಕಾಲದಿಂದ ಮನೆಯಲ್ಲಿ ಕೂತುಬಿಟ್ಟಿತ್ತು. ಹಿತ್ತಲಿನ ಹಂಡೆಯ ಮಾತು ಹಿತ್ತಲು ದಾಟುತ್ತಿರಲಿಲ್ಲ.

ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಇದನ್ನು ಈಗಲೇ ಹೇಳಿಬಿಡುವುದು ಒಳ್ಳೆಯದು. ಹುನಗುಂದದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ, ದಿನಾ ಬಸ್ಸಿನಲ್ಲಿ ಹೋಗಿಬರುತ್ತೇನೆ. ಅಲ್ಲಿ ಹುಡುಗರ ಮೇಲೆ, ಇಲ್ಲಿ ಅಪ್ಪನ ಮೇಲೆ ಹಾರಾಡುವುದು ನನಗೆ ರೂಢಿ. ಪಿಎಚ್‌ಡಿಯ ಕೊನೆಯ ಮೌಖಿಕ ಪರೀಕ್ಷೆಯ ದಿನದ ಹಾರಾಟವಂತೂ ಓಣಿಗೆಲ್ಲ ಕೇಳಿಸಿರಬೇಕು. ಆ ದಿನಕ್ಕೆಂದೇ ಅಪ್ಪ ನನಗೊಂದು ಬಿಳಿ ಮೈಯ ಸೀರೆ ನೇಯ್ದು ಕೊಟ್ಟಿದ್ದ. ಸೆರಗಿನ ರೇಷ್ಮೆ ಮಾತ್ರ ಅವನ ಹಂಡೆಯದಲ್ಲ, ಅಂಗಡಿಯಿಂದ ತಂದದ್ದು. ಆ ಅಂಗಡಿ ಕೆಂಪು ಅವನಿಗೆ ಕಡೆಯತನಕ ಸೇರಲಿಲ್ಲ. ಉಟ್ಟು ರೆಡಿಯಾಗಿ, ಮುಖಕ್ಕೊಂದಿಷ್ಟು ನೀರು ಹಾಕಿಕೊಳ್ಳೋಣವೆಂದು ಬಚ್ಚಲಿಗೆ ಕಾಲಿಟ್ಟೆ. ಅಪ್ಪ ಆಗಷ್ಟೇ ಹೊರಗೆ ಬಂದಿದ್ದ. ಕಲ್ಲಿನ ಮೇಲೆ ನಿಂತ ಕೆಂಪು ನೀರು ಸೀರೆಯ ಅಂಚಿಗೆ ಗೇಣುದ್ದ ಹತ್ತಿತು.

"ಬಚ್ಚಲಕ್ಕ ಎರಡ ಚರಗಿ ನೀರ ಹಾಕಾಕ ಬರೂದಿಲ್ಲೇನ ನಿನಗ? ಈ ಮನ್ಯಾಗ ಒಂದ ದಿನಾ ಆದ್ರೂ ಬಣ್ಣ ಹತ್ತಲಾರದಂಗ ಹೊರಗ ಹೋಗಾಕ ಆಗತೇತೇನು?" ಎಂದು ಕೂಗಾಡಿದೆ.

ಅಪ್ಪ ಚರಿಗೆ ತುಂಬಿ ತಂದು ಕಲ್ಲಿನ ಮೇಲೆ ಸುರುವಿದ. ನಾನು ಬೇರೆ ಸೀರೆ ಉಟ್ಟುಕೊಂಡು ಹೋದೆ. ಆ ಬಿಳಿ ಸೀರೆಯನ್ನು ಆಮೇಲೆ ಒಮ್ಮೆ ತೊಳೆದು ನೋಡಿ, ಕಲೆ ಬಿಡದಾಗ ಮಡಿಚಿ ಟ್ರಂಕಿನ ತಳಕ್ಕೆ ಹಾಕಿಬಿಟ್ಟೆ.

ಪಿಎಚ್‌ಡಿಗೆ ನಾನು ಹುಡುಕಿದ್ದು ಆಕಾಶದಲ್ಲಿ ಎಲ್ಲಿಂದ ಬರುತ್ತಿವೆಯೆಂದು ಗೊತ್ತಾಗದ ಗಾಮಾ ಕಿರಣಗಳ ಮೂಲ. ಭೂಮಿಯ ಸುತ್ತ ತಿರುಗುವ ಉಪಗ್ರಹದಲ್ಲಿ ಒಂದು ಗಾಮಾ ದೂರದರ್ಶಕ ಇದೆ. ಅದು ಹಿಡಿದ ಕಣಗಳ ಲೆಕ್ಕವೆಲ್ಲ ಯಾರು ಬೇಕಾದರೂ ಇಳಿಸಿಕೊಳ್ಳುವಂತೆ ಸಿಗುತ್ತದೆ. ಹುನಗುಂದದ ಸ್ಟಾಫ್ ರೂಮಿನಲ್ಲಿ, ಮಟಮಟ ಮಧ್ಯಾಹ್ನ, ಡಬ್ಬಿಯ ರೊಟ್ಟಿ ಮುರಿಯುತ್ತ ನಾನು ಮಾಡುತ್ತಿದ್ದುದು ಇದೇ ಕೆಲಸ. ಈ ಕಿರಣಗಳ ತೊಂದರೆಯೆಂದರೆ ಬಂದ ದಿಕ್ಕು ಸರಿಯಾಗಿ ತಿಳಿಯುವುದಿಲ್ಲ. "ಹೆಚ್ಚುಕಡಿಮೆ ಇಲ್ಲಿಂದ" ಎಂದು ಒಂದು ವರ್ತುಲ ಎಳೆಯಬಹುದು, ಅಷ್ಟೇ. ಅದು ಎಷ್ಟೋ ಸಲ ಹುಣ್ಣಿಮೆ ಚಂದ್ರನಷ್ಟು ಅಗಲವಿರುತ್ತದೆ. ಅದರೊಳಗೆ ನೂರೆಂಟು ನಕ್ಷತ್ರ, ನೂರೆಂಟು ಗ್ಯಾಲಕ್ಸಿ. ಯಾವುದು ಕಳಿಸಿತು ಎಂದು ಬೇರೆ ಬೇರೆ ದೂರದರ್ಶಕಗಳ ಚಿತ್ರ ಇಟ್ಟು ಹೊಂದಿಸಬೇಕು. ಇದುವರೆಗೆ ಕಂಡ ಮೂಲಗಳಲ್ಲಿ ಹತ್ತಿರ ಹತ್ತಿರ ಮೂರನೇ ಒಂದು ಪಾಲಿಗೆ ಇನ್ನೂ ಹೆಸರಿಲ್ಲ.

ಅಪ್ಪ ಒಮ್ಮೆ, ಕಾಲು ಇಳಿಬಿಟ್ಟು ನೇಯುವ ಮಗ್ಗದ ಕುಣಿಯಲ್ಲಿ ಕೂತೇ ಕೇಳಿದ್ದ. "ಅಲ್ಲವಾ, ದಿನಾ ಕಂಪ್ಯೂಟರ್ ಮುಂದ ಕುಂತು ಏನ ಹುಡಕತಿ ನೀ?"

"ಕೊಂಡಿ ಹಾಕತೇನಪಾ. ಇದು ಅದರದು, ಅದು ಇದರದು ಅಂತ."

ಅವನಿಗೆ ಖುಷಿಯಾಯಿತು. ಸೀರೆಯ ಮೈಯ ಎಳೆಗಳಿಗೆ ಸೆರಗಿನ ಎಳೆಗಳನ್ನು ಒಂದೊಂದಾಗಿ ಕುಣಿಕೆ ಹಾಕಿ ಜೋಡಿಸುವುದಕ್ಕೆ ನಮ್ಮಲ್ಲಿ ಕೊಂಡಿ ಎನ್ನುತ್ತಾರೆ. ಅದು ಅವ್ವನ ಕೆಲಸ. "ಹಂಗಾರ ಒಂದ ಎಳಿ ತಪ್ಪಿದ್ರ?" ಎಂದ.

"ಒಂದ ಎಳಿ ತಪ್ಪಿದ್ರ ಎಲ್ಲಾ ತಪ್ಪತೇತಿ."

ನನಗೆ ಮಾರ್ಗದರ್ಶಕರಾಗಿದ್ದ ಪ್ರೊಫೆಸರು ಮೊದಲ ದಿನವೇ ಒಂದು ನಿಯಮ ಹಾಕಿಕೊಟ್ಟಿದ್ದರು. ನಮ್ಮ ಆಕಾಶಗಂಗೆಯ ಬೆಳಕಿನ ಪಟ್ಟಿ ಇದೆಯಲ್ಲ, ಗಾಮಾ ಕಿರಣದಲ್ಲಿ ನೋಡಿದರೆ ಅದು ಉದ್ದಕ್ಕೂ ತಾನೇ ಹೊಳೆಯುತ್ತದೆ. ಆ ಪಟ್ಟಿಯೊಳಗೆ ಏನಾದರೂ ಕಂಡರೆ ಅದನ್ನು ಮೂಲ ಎಂದು ಕುಣಿಯಬೇಡ, ಪಟ್ಟಿಯ ಸ್ವಂತ ಹೊಳಪೇ ಇರಬೇಕು, ಮೊದಲು ಅದನ್ನು ಕಳೆದುಬಿಡು ಎಂದು. ನಾನು ಕಳೆದೆ. ಕಳೆಯುವುದರಲ್ಲಿ ನನ್ನಷ್ಟು ಕಟ್ಟುನಿಟ್ಟಿನವರು ಇರಲಿಲ್ಲ. ಪಟ್ಟಿಯೊಳಗೆ ಮಸುಕಾಗಿ ಕಂಡ ಎಷ್ಟೋ ಚುಕ್ಕೆಗಳನ್ನು ಎರಡನೇ ಸಲ ನೋಡದೆ ಹೊಡೆದುಹಾಕಿದ್ದೇನೆ.

ಅಪ್ಪನಿಗೆ ಸೊಂಟನೋವು ಶುರುವಾದಾಗ ನಾವ್ಯಾರೂ ಹೆದರಲಿಲ್ಲ. ಮಗ್ಗದ ಕುಣಿಯಲ್ಲಿ ಜನ್ಮ ಕಳೆದವರಿಗೆ ಸೊಂಟ ನೋಯದೆ ಇನ್ನೇನು ನೋಯುತ್ತದೆ? ಎಣ್ಣೆ ತಿಕ್ಕಿದ್ದಾಯಿತು, ಗುಳಿಗೆ ನುಂಗಿದ್ದಾಯಿತು. ಒಂದು ಬೆಳಿಗ್ಗೆ ಕುಣಿಯಿಂದ ಮೇಲೇಳಲು ಆಗದೆ ಅವ್ವನನ್ನು ಕೂಗಿದ. ಬಾಗಲಕೋಟೆಯ ದವಾಖಾನೆಗೆ ಕರೆದುಕೊಂಡು ಹೋದೆ. ಬೆನ್ನೆಲುಬಿನಲ್ಲಿ ಗಂಟುಗಳಿವೆ ಎಂದರು. ಸೂಜಿ ಚುಚ್ಚಿ ತುಣುಕು ತೆಗೆದು ನೋಡಿ ಕ್ಯಾನ್ಸರ್ ಎಂದರು. ಆದರೆ ಅದು ಎಲುಬಿನಲ್ಲಿ ಹುಟ್ಟಿದ್ದಲ್ಲ, ಬೇರೆ ಎಲ್ಲೋ ಹುಟ್ಟಿ ಅಲ್ಲಿಗೆ ಬಂದದ್ದು. ಎಲ್ಲಿ ಎಂಬುದು ಗೊತ್ತಿಲ್ಲ.

ಡಾಕ್ಟರು ನನ್ನ ವಯಸ್ಸಿನವರೇ. ಮೆತ್ತಗಿನ ಮನುಷ್ಯ. "ಮೂಲ ಎಲ್ಲೈತಿ ಅಂತ ಸಿಕ್ಕರ ಅದಕ್ಕ ತಕ್ಕ ಔಷಧ ಕೊಡಬಹುದ್ರಿ ಮೇಡಂ. ಸಿಗಲಿಲ್ಲಂದ್ರ ಅಂದಾಜಿನ ಮ್ಯಾಲೆ ಕೊಡಬೇಕಾಗತೇತಿ. ಅಂದಾಜಿನ ಔಷಧಕ್ಕ ಭಾಳ ದಿನ ಸಿಗೂದಿಲ್ಲ" ಎಂದರು. ಅಂದರೆ ಅಪ್ಪ ಎಷ್ಟು ದಿನ ಇರುತ್ತಾನೆ ಎಂಬುದು ಒಂದು ಮೂಲ ಪತ್ತೆಯಾಗುವುದರ ಮೇಲೆ ನಿಂತಿತ್ತು. ನನಗೆ ಅಲ್ಲೇ ಕೂತಲ್ಲಿ ನಗು ಬಂತು, ಕೆಟ್ಟ ನಗು. ಹತ್ತು ವರ್ಷ ಇದೇ ಕೆಲಸ ಮಾಡಿದ್ದೇನಲ್ಲ ಎಂದು.

ಅವರು ಸಾಲಾಗಿ ಪ್ರಶ್ನೆ ಕೇಳಿದರು. ಬೀಡಿ? ಇಲ್ಲ. ತಂಬಾಕು? ಇಲ್ಲ. ಕೆಮ್ಮು? ಇಲ್ಲ. ಮೂತ್ರದಲ್ಲಿ ರಕ್ತ? ಅಪ್ಪ ತಾನೇ "ಇಲ್ರಿ" ಎಂದ. ಏನು ಕೆಲಸ ಎಂದು ಕೇಳಿದಾಗ ಉತ್ತರ ಕೊಟ್ಟವಳು ನಾನು. "ನೇಕಾರ್ರೀ" ಎಂದೆ. ಅಷ್ಟೇ ಅಂದೆ. ಬಾಯಿಗೆ ರೂಢಿಯಾದ ಮಾತು ಬಂತು, ಹಂಡೆಯ ನೆನಪೂ ಆಗಲಿಲ್ಲ. ಅಂದು ಪರೀಕ್ಷೆಗೆ ಕೊಟ್ಟ ಮೂತ್ರ ತಿಳಿಯಾಗಿತ್ತು.

ಇಡೀ ಮೈಯ ಸ್ಕ್ಯಾನಿಗೆ ಹುಬ್ಬಳ್ಳಿಗೆ ಕಳಿಸಿದರು. ವಿಕಿರಣ ಬೆರೆಸಿದ ಸಕ್ಕರೆಯ ನೀರನ್ನು ನರಕ್ಕೆ ಚುಚ್ಚಿ ಕೂಡಿಸುತ್ತಾರೆ. ಹಸಿದ ಜೀವಕೋಶಗಳು ಆ ಸಕ್ಕರೆ ಹೀರುತ್ತವೆ, ಆ ಜಾಗದಿಂದ ಗಾಮಾ ಕಿರಣ ಹೊರಡುತ್ತದೆ, ಸುತ್ತಲಿನ ಯಂತ್ರ ಹಿಡಿಯುತ್ತದೆ. ಗಾಜಿನಾಚೆ ಸ್ಟೂಲಿನ ಮೇಲೆ ಕೂತ ಅಪ್ಪ ನನ್ನ ಕಡೆ ನೋಡಿ ಕೈ ಬೀಸಿದ. ಆ ಹೊತ್ತು ಅವನೇ ಒಂದು ಗಾಮಾ ಮೂಲ. ಜೀವಮಾನದಲ್ಲಿ ನಾನು ಅಷ್ಟು ಹತ್ತಿರದಿಂದ ನೋಡಿದ ಮೂಲ ಅದೊಂದೇ.

ಚಿತ್ರದ ಸಿಡಿಯನ್ನು ನಾನೇ ಕಂಪ್ಯೂಟರಿಗೆ ಹಾಕಿಕೊಂಡು ಕೂತೆ. ಬೆನ್ನೆಲುಬಿನುದ್ದಕ್ಕೂ ಚುಕ್ಕೆಗಳು. ಮಿದುಳು ಉರಿಯುತ್ತಿತ್ತು, ಅದು ಎಲ್ಲರಿಗೂ ಉರಿಯುತ್ತದೆ, ಸಕ್ಕರೆ ಬೇಕು ಅದಕ್ಕೆ. ಹೃದಯ, ಅದೂ ಸಹಜ. ಮೂತ್ರಕೋಶ ಎಲ್ಲಕ್ಕಿಂತ ಹೆಚ್ಚು ಹೊಳೆಯುತ್ತಿತ್ತು. ಚುಚ್ಚಿದ್ದೆಲ್ಲ ಕೊನೆಗೆ ಬಂದು ಸೇರುವುದು ಅಲ್ಲಿಗೇ, ಹೊಳೆಯಲೇಬೇಕು. ರಿಪೋರ್ಟು ಬರೆದವರೂ ಅದನ್ನೇ ಬರೆದಿದ್ದರು. ನಾನು ಕಳೆದೆ. ಮಿದುಳು ಕಳೆದೆ, ಹೃದಯ ಕಳೆದೆ, ಮೂತ್ರಕೋಶ ಕಳೆದೆ. ಉಳಿದದ್ದರಲ್ಲಿ ಹಗಲೆಲ್ಲ ಕಣ್ಣು ಕೆಂಪಾಗುವಷ್ಟು ಹುಡುಕಿದೆ. ಶ್ವಾಸಕೋಶ, ಜಠರ, ಯಕೃತ್ತು. ಎಲ್ಲೂ ಏನೂ ಇರಲಿಲ್ಲ.

ಅಂದಾಜಿನ ಔಷಧಿ ಶುರುವಾಯಿತು. ತಿಂಗಳ ಮೇಲೆ ತಿಂಗಳು ಹೋಯಿತು. ಅಪ್ಪನ ಕೂದಲು ಉದುರಿತು, ಉಗುರು ಕಪ್ಪಾದವು. ನೋವು ಮಾತ್ರ ಜಗ್ಗಲಿಲ್ಲ. "ನಮ್ಮ ತಾಯಿನ್ನ ಒಮ್ಮೆ ನೋಡಿ ಬರೂಣು" ಎಂದು ಅವ್ವ ಹಟ ಹಿಡಿದಳು. ನಮ್ಮ ಮನೆದೇವರು ಬನಶಂಕರಿ. ನನಗೆ ದೇವರ ಮೇಲೂ ಸಿಟ್ಟಿತ್ತು, ಆದರೂ ಅಪ್ಪ ಬಾಗಲಕೋಟೆಯಲ್ಲಿ ಔಷಧಿಯ ಸಲಾಯಿನ್ ಹಾಕಿಸಿಕೊಂಡ ಮರುದಿನ ಕಾರು ಮಾಡಿಕೊಂಡು ಬಾದಾಮಿ ದಾಟಿ ಚೊಳಚಗುಡ್ಡಕ್ಕೆ ಹೋದೆವು.

ದರ್ಶನವಾಯಿತು. ಹೊಂಡದ ಕಟ್ಟೆಯ ಮೇಲೆ ಬುಟ್ಟಿಯಿಟ್ಟು ರೊಟ್ಟಿ ಮಾರುವ ಹೆಂಗಸರ ಹತ್ತಿರ ರೊಟ್ಟಿ, ಬದನೆಕಾಯಿ ಪಲ್ಲೆ, ಮೊಸರು ಹಾಕಿಸಿಕೊಂಡೆವು. ಅಪ್ಪ ಬಹಳ ದಿನದ ಮೇಲೆ ಒಂದು ಪೂರ್ತಿ ರೊಟ್ಟಿ ತಿಂದ. ಆಮೇಲೆ ಹತ್ತಿರದಲ್ಲಿದ್ದ ಶೌಚಾಲಯಕ್ಕೆ ಹೋದ. ಹೊಸದಾಗಿ ಕಟ್ಟಿದ್ದು, ಒಳಗೆಲ್ಲ ಬಿಳಿ ಟೈಲ್ಸು. ಗೋಡೆ ಹಿಡಿದುಕೊಂಡು ಹೊರಗೆ ಬರುವಾಗ ಅವನ ಮುಖದಲ್ಲಿ ನಗು.

"ನೋಡವಾ, ಹಂಡೇ ಇಳಿಸಿ ಮೂರ ವರ್ಷಾತು, ಮೈಯಾಗಿನ ಬಣ್ಣ ಇನ್ನೂ ಹೊರಗ ಬರಾಕ್ಹತ್ತೇತಿ."

"ಏನ ಬಣ್ಣ?"

"ಕೆಂಪು. ಬಿಳೇ ಹಂಚಿನ ಮ್ಯಾಲೆ ಚಂದಂಗ ಎದ್ದ ಕಾಣತೇತಿ ನೋಡು. ಮನ್ಯಾಗ ಕಲ್ಲ ಕೆಂಪ ಐತಿ, ಗೊತ್ತಾಗೂದಿಲ್ಲ."

"ಯಾವಾಗಿಂದ ಹಿಂಗ?"

"ಒಮ್ಮೆ ಬರತೇತಿ, ಒಮ್ಮೆ ನಿಂದರತೇತಿ. ಹಂಡೀ ಮುಂದ ನಿಂತ ಮಂದಿಗೆಲ್ಲಾ ಹಿಂಗ ಆಗತೇತವಾ. ನನಗ ಬಣ್ಣ ಕಲಿಸಿದ ಉಸ್ತಾದಗೂ ಆಗತಿತ್ತು."

"ಅವ ಏನಾದ?"

"ಸತ್ತ. ಕಿಬ್ಬೊಟ್ಟಿ ಬ್ಯಾನಿ ಅಂತಿದ್ದ."

ನಾನು ಆ ಕಟ್ಟೆಯ ಮೇಲೆ, ರೊಟ್ಟಿ ಮಾರುವವರು, ಭಕ್ತರು ಎಲ್ಲರೂ ತಿರುಗಿ ನೋಡುವಂತೆ ಕಿರುಚಿದೆ. "ಡಾಕ್ಟರ್ ಕೇಳಿದಾಗ ಇಲ್ಲ ಅಂದ್ಯಲ್ಲೋ ಯಪ್ಪಾ! ನಾಕ ತಿಂಗಳಾತು! ಯಾಕ ಇಲ್ಲ ಅಂದಿ?"

ಅವನಿಗೆ ನನ್ನ ಕಿರುಚಾಟ ಅರ್ಥವಾಗಲಿಲ್ಲ. "ಅವರು ರಕ್ತ ಬರತೇತೇನು ಅಂತ ಕೇಳಿದ್ರು. ಬಣ್ಣ ಬರತೇತೇನು ಅಂತ ಯಾರೂ ಕೇಳಲಿಲ್ಲಲ್ಲವಾ" ಎಂದ.

ಕಾರನ್ನು ಅಲ್ಲಿಂದಲೇ ಬಾಗಲಕೋಟೆಗೆ ತಿರುಗಿಸಿದೆವು. ದಾರಿಯುದ್ದಕ್ಕೂ ಅವ್ವ ಕುಂಕುಮದ ಪೊಟ್ಟಣವನ್ನು ಮುಷ್ಟಿಯಲ್ಲಿ ಹಿಡಿದು ಕೂತಿದ್ದಳು. ಮರುದಿನ ಮೂತ್ರನಾಳದೊಳಗೆ ದುರ್ಬೀನು ಇಳಿಸಿ ನೋಡಿದರು. ಮೂತ್ರಕೋಶದ ಗೋಡೆಯಲ್ಲಿ ಅದು ಕೂತಿತ್ತು. ಸ್ಕ್ಯಾನಿನಲ್ಲಿ ಎಲ್ಲಕ್ಕಿಂತ ಹೆಚ್ಚು ಹೊಳೆದ, ಸಹಜವೆಂದು ನಾನು ಕಳೆದುಹಾಕಿದ ಆ ಹೊಳಪಿನ ಹಿಂದೆಯೇ ಇತ್ತು.

ಡಾಕ್ಟರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈದು ಹಗುರಾಗುತ್ತಿದ್ದೆ. "ಬಣ್ಣದ ಕೆಲಸಾ ಮಾಡತಿದ್ರು ಅಂತ ಮೊದಲ ಹೇಳಬೇಕಿತ್ತಲ್ರಿ ಮೇಡಂ. ಕೆಲವು ಬಣ್ಣದ ಪುಡಿಯಿಂದ ಈ ರೋಗ ಬರತೇತಿ. ಹೇಳಿದ್ರ ನಾ ಮೊದಲ ಅಲ್ಲೇ ನೋಡತಿದ್ದೆ" ಎಂದು ಮಾತ್ರ ಹೇಳಿದರು. ಔಷಧಿ ಬದಲಾಯಿತು. ಆದರೆ ಅಷ್ಟರಲ್ಲಿ ಕಿಡ್ನಿಗಳು ಸೋಲುತ್ತಿದ್ದವು, ಹೊಸ ಔಷಧಿಯನ್ನು ಪೂರ್ತಿ ಪ್ರಮಾಣದಲ್ಲಿ ಕೊಡುವಂತಿರಲಿಲ್ಲ. ನಾಲ್ಕು ತಿಂಗಳ ಹಿಂದೆ ಕೊಡಬಹುದಿತ್ತು.

ಕೊನೆಯ ವಾರಗಳಲ್ಲಿ ಅಪ್ಪನನ್ನು ಮನೆಗೆ ತಂದೆವು. ಮಗ್ಗ ಕಾಣುವಂತೆ ಮಂಚ ಹಾಕಿದೆವು. ನಾನು ಪಕ್ಕದಲ್ಲಿ ಕೂತು ಸುಮ್ಮನೆ ಹಲ್ಲು ಕಡಿಯುತ್ತಿದ್ದೆ. ಯಾರ ಮೇಲೆ ಸಿಟ್ಟೆಂದು ನನಗೇ ತಿಳಿಯುತ್ತಿರಲಿಲ್ಲ. ಅಪ್ಪ ನನ್ನ ಕೈ ಎಳೆದುಕೊಂಡು, "ನೀ ಹುಡಕತಿದ್ದದ್ದ ಸಿಕ್ಕತಲ್ಲವಾ. ಕೊಂಡಿ ಕೂಡತು. ಇನ್ನ ಸಿಟ್ಟ ಬಿಡು" ಎಂದ. ಜೋಳದ ಸುಗ್ಗಿಯ ಹೊತ್ತಿಗೆ ಹೋದ. ಕಡೆಯ ಸ್ನಾನ ಮಾಡಿಸಿದವರು ಉಗುರು ತಿಕ್ಕಲು ನೋಡಿದರು. ಸಂದಿಯಲ್ಲಿ ಕೆಂಪು ಇನ್ನೂ ಉಳಿದಿತ್ತು. ಅವ್ವ ಬೇಡ ಬಿಡಿ ಎಂದಳು.

ಹದಿನೈದು ದಿನಗಳಾದ ಮೇಲೆ ಒಂದು ಬೆಳಿಗ್ಗೆ, ನಾನು ಮತ್ತೆ ಕಾಲೇಜಿಗೆ ಹೊರಟಿದ್ದೆ. ಬಚ್ಚಲಿನಿಂದ ಬಂದು, ಕಲ್ಲನ್ನು ಒಡೆಸಿ ಬಿಳಿ ಟೈಲ್ಸು ಹಾಕಿಸೋಣ ಎಂದೆ. ಅವ್ವ ಅಕ್ಕಿ ಆರಿಸುತ್ತ ಕೂತಿದ್ದಳು. ತಲೆಯೆತ್ತದೆ ಹೇಳಿದಳು.

"ಈಗ್ಯಾಕವಾ. ಈಗ ಅದನ್ನ ಕೆಂಪ ಮಾಡಾವ್ರು ಯಾರದಾರ? ನಿಮ್ಮಪ್ಪನೂ ಭಾಳ ಜ್ವಾಕಿ ಮಾಡತಿದ್ರು. ನೀ ಆ ಪರೀಕ್ಷಾ ದಿನ ಬೈದಿದ್ಯಲ್ಲ, ಅವತ್ತಿಂದ ಒಂದ ದಿನಾ ತಪ್ಪಸಲಿಲ್ಲ. ಹೋದಾಗೊಮ್ಮೆ ಎರಡ ಚರಗಿ ನೀರ ಹಾಕಿ, ಕಸಬರಿಗಿಲೆ ಬಳದು ಬರತಿದ್ರು. ಸ್ವಾಂಟ ಹಿಡದು ಬಗ್ಗಾಕ ಬರಲಾರದಾಗನೂ ಹಾಕತಿದ್ರು. ಬಿಡ್ರಿ ನಾ ಹಾಕತೇನಿ ಅಂದ್ರ, ಬ್ಯಾಡ, ಮಗಳ ಸೀರಿಗೆ ಹತ್ತೀತು ಅಂತಿದ್ರು."

ನಾನು ಚಪ್ಪಲಿ ಹಾಕಿಕೊಳ್ಳುತ್ತಿದ್ದವಳು ನಿಂತೆ. ಆ ದಿನದ ಬಿಳಿ ಸೀರೆಯ ಸೆರಗು ಅಂಗಡಿಯ ರೇಷ್ಮೆಯದು. ಯಾಕೆ ಅಂಗಡಿಯದು? ಅದನ್ನು ನೇಯುವ ಮೊದಲೇ ಅಪ್ಪ ಹಂಡೆ ಇಳಿಸಿದ್ದ. ಒಲೆ ಆರಿ ಆಗಲೇ ಆರು ತಿಂಗಳಾಗಿತ್ತು. ಅಂದು ಬೆಳಿಗ್ಗೆ ಬಚ್ಚಲಲ್ಲಿ ತೊಳೆದರೆ ನೀರಿಗೆ ಬಿಡುವಂಥ ಬಣ್ಣ ಅಪ್ಪನ ಕೈಯಲ್ಲಿ ಇರಲೇ ಇಲ್ಲ.

ಒಳಗೆ ಹೋಗಿ ಟ್ರಂಕು ತೆಗೆದೆ. ಮೇಲಿದ್ದ ಅವ್ವನ ಹಳೆಯ ಸೀರೆಯ ಸೆರಗು ಅದೇ ಕೆಂಪಿನಲ್ಲಿತ್ತು, ಒಂದಿಷ್ಟೂ ಮಾಸಿರಲಿಲ್ಲ. ತಳದಲ್ಲಿ ನನ್ನ ಬಿಳಿ ಸೀರೆ. ಮಡಿಕೆ ಬಿಚ್ಚಿ ಅಂಚನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಗೇಣುದ್ದದ ಕಲೆ ಈಗ ಕೆಂಪಗಿರಲಿಲ್ಲ. ತುಕ್ಕಿನ ಹಾಗೆ ಕಂದಾಗಿತ್ತು. ಅಪ್ಪನ ಬಣ್ಣ ಎಂದೂ ಕಂದಾಗುವುದಿಲ್ಲ.

ಬೆನ್ನು ನೋಯುವುದಕ್ಕೆ ಸುಮಾರು ಎರಡು ವರ್ಷ ಮೊದಲು, ಬಿಳಿಯ ಮೇಲೆ, ಕಣ್ಣೆದುರಿಗೇ ಅದು ಬಂದು ತೋರಿಸಿಕೊಂಡಿತ್ತು. ಎಲ್ಲರಿಗಿಂತ ಮೊದಲು ಕಂಡವಳು ನಾನು. ತೊಳೆದುಬಿಡು ಎಂದು ಹೇಳಿದವಳೂ ನಾನೇ.